ಆರು ಸೆಟ್ಟುಗಳೂ ಸುಸ್ಥಿತಿಯಲ್ಲಿವೆ

ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ರೈಟರ ಪರಿಚಯ ನನಗೆ ಮೊದಲು ಆದದ್ದು ಅವರ ಅಕ್ಷರದಿಂದ. ನಾನು ಶಾಲೆಯಿಂದ ನಿವೃತ್ತನಾದ ವರ್ಷ ನನ್ನ ಸೈಕಲ್ ಕಳುವಾಯಿತು. ಠಾಣೆಗೆ ಹೋಗಿ ದೂರು ಕೊಟ್ಟೆ. ಮೇಜಿನ ಹಿಂದೆ ಕುಳಿತಿದ್ದ ತೆಳ್ಳನೆಯ ಮನುಷ್ಯರೊಬ್ಬರು ತಲೆಯೆತ್ತದೆ ಎಲ್ಲವನ್ನೂ ಬರೆದುಕೊಂಡು, ನಕಲೊಂದನ್ನು ನನ್ನ ಕೈಗಿತ್ತರು. ಮೂವತ್ತೈದು ವರ್ಷ ಮಕ್ಕಳ ಕಾಪಿ ಪುಸ್ತಕ ತಿದ್ದಿದವನು ನಾನು. ಆ ಹಾಳೆಯಲ್ಲಿ ಕೆಂಪು ಶಾಯಿ ತಾಗಿಸಲು ಒಂದು ಜಾಗವೂ ಕಾಣಲಿಲ್ಲ. ಒತ್ತಕ್ಷರಗಳು ತಾಯಿಯ ಕಾಲಬುಡದಲ್ಲಿ ಕುಳಿತ ಮಕ್ಕಳ ಹಾಗೆ ತಮ್ಮ ತಮ್ಮ ಜಾಗದಲ್ಲಿ ಅಚ್ಚುಕಟ್ಟಾಗಿ ಕುಳಿತಿದ್ದವು. ಸೈಕಲ್ ಕೊನೆಗೂ ಸಿಗಲಿಲ್ಲ. ಸಿಕ್ಕಿದ್ದು ಹದಿನೇಳು ವರ್ಷದ ಸ್ನೇಹ.

ಪೊಲೀಸ್ ಠಾಣೆಯಲ್ಲಿ ದಿನಚರಿ, ದೂರು, ಪತ್ರ, ರಿಜಿಸ್ಟರು ಎಲ್ಲವನ್ನೂ ಬರೆದಿಡುವ ದಫೇದಾರರಿಗೆ, ಅಂದರೆ ಹಿರಿಯ ಪೇದೆಗೆ, ರೈಟರ್ ಎಂದು ಹೆಸರು. ಇವರು ಒಟ್ಟು ಹನ್ನೊಂದು ವರ್ಷ ಆ ಕುರ್ಚಿಯಲ್ಲಿದ್ದರು. ಕಳ್ಳನ ಹಿಂದೆ ಓಡಿದವರಲ್ಲ, ಲಾಠಿ ಬೀಸಿದವರಲ್ಲ. ಜೋರಾಗಿ ಮಾತಾಡಿದ್ದನ್ನೂ ನಾನು ಕೇಳಿಲ್ಲ. ಅವರ ಹೆಂಡತಿ ಮಾತ್ರ, “ಇವರನ್ನ ಪೊಲೀಸು ಅಂತ ಹೇಳಿಕೊಳ್ಳೋಕೇ ನಾಚಿಕೆ ಆಗುತ್ತೆ ಮೇಷ್ಟ್ರೇ. ಮನೆಗೆ ಇಲಿ ಬಂದರೆ ನಾನೇ ಓಡಿಸಬೇಕು,” ಎಂದು ನಗುತ್ತಿದ್ದರು.

ಠಾಣೆಯೆಂದರೆ ಮೂರು ಕೋಣೆ, ಒಂದು ಅಂಗಳ. ರೈಟರ ಮೇಜಿನ ಬಲಕ್ಕೆ ಗೋಡೆಯ ಮೇಲೆ ಆರು ಗೂಡುಗಳ ಮರದ ಕಪಾಟು. ಪ್ರತಿ ಗೂಡಿನಲ್ಲೂ ಒಂದೊಂದು ವೈರ್‌ಲೆಸ್ ಸೆಟ್ಟು. ಗಸ್ತಿಗೆ ಹೋಗುವ ಪೇದೆಗಳು ಸೊಂಟಕ್ಕೆ ಸಿಕ್ಕಿಸಿಕೊಂಡು ಠಾಣೆಯ ಜೊತೆ ಮಾತನಾಡುವ, ಇಟ್ಟಿಗೆಯಷ್ಟು ತೂಕದ ಕಪ್ಪು ಡಬ್ಬಿ ಅದು. ಕೈಫೋನುಗಳು ನಮ್ಮೂರಿಗೆ ಇನ್ನೂ ಬಂದಿರದ ಕಾಲ. ಸೆಟ್ಟುಗಳಿಗೆ ಹದಿನೆಂಟು ವರ್ಷ ವಯಸ್ಸಾಗಿತ್ತು. ಬ್ಯಾಟರಿ ಜಾರದಂತೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಬಿಗಿದಿದ್ದರು. ಒಂದಕ್ಕೆ ಕೇಳಿಸುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಅದಕ್ಕೆ ಪೇದೆಗಳು ‘ಹೊಸ ಅಳಿಯ’ ಎಂದು ಹೆಸರಿಟ್ಟಿದ್ದರು. ಇನ್ನೊಂದು ಬರೀ ಮಾತಾಡುತ್ತಿತ್ತು, ಏನನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅದು ‘ದೊಡ್ಡ ಸಾಹೇಬರು’. ಮತ್ತೆರಡು, ಬೆನ್ನಿಗೆ ಎರಡೇಟು ಬಿದ್ದ ಮೇಲೆ ಎಚ್ಚರಗೊಳ್ಳುತ್ತಿದ್ದವು. ಉಳಿದೆರಡು ಅಂಗಳದಲ್ಲಿ ಚೆನ್ನಾಗಿದ್ದು, ಊರಿನ ಅಂಚು ದಾಟುತ್ತಲೇ ಗೊರಗೊರ ಎನ್ನುತ್ತಿದ್ದವು.

ದಿನಾ ಬೆಳಿಗ್ಗೆ ಎಂಟು ಗಂಟೆಗೆ ಹಾಜರಿ ಮುಗಿದೊಡನೆ ರೈಟರು ಸಲಕರಣೆ ರಿಜಿಸ್ಟರನ್ನು ತೆರೆಯುತ್ತಿದ್ದರು. ತಾರೀಕು ಹಾಕಿ, ಅದರ ಮುಂದೆ ತಮ್ಮ ದುಂಡನೆಯ ಅಕ್ಷರದಲ್ಲಿ “ಆರು ಸೆಟ್ಟುಗಳೂ ಸುಸ್ಥಿತಿಯಲ್ಲಿವೆ” ಎಂದು ಬರೆದು ಸಹಿ ಹಾಕುತ್ತಿದ್ದರು.

ಇದೇಕೆಂದು ನಾನೊಮ್ಮೆ ಕೇಳಿದೆ. ಇಬ್ಬರೂ ಸಂಜೆಯ ವಾಕಿಂಗಿಗೆ ಹೊರಟಿದ್ದೆವು.

“ನಾನು ಈ ಠಾಣೆಗೆ ಬಂದ ಹೊಸತರಲ್ಲಿ ಆಗಿನ ರೈಟರು ಒಂದು ದಿನ, ಮೂರನೇ ಸೆಟ್ಟು ಕೆಟ್ಟಿದೆ ಅಂತ ಇದ್ದದ್ದನ್ನ ಇದ್ದ ಹಾಗೆ ಬರೆದುಬಿಟ್ಟರು ಮೇಷ್ಟ್ರೇ. ಹೊಸ ಸೆಟ್ಟು ಬರಲಿಲ್ಲ, ಮೆಮೋ ಬಂತು. ಕೊನೇ ಸಲ ಅದು ಯಾರ ಸೊಂಟದಲ್ಲಿತ್ತೋ ಆ ಪೇದೆ ಜವಾಬು ಕೊಡಬೇಕು ಅಂತ. ಪಾಪ, ಅದು ತನ್ನಷ್ಟಕ್ಕೆ ತಾನು ಸತ್ತಿತ್ತು. ಆರು ವರ್ಷ ಅವನ ಬಡ್ತಿ ನಿಂತುಹೋಯ್ತು. ಅವತ್ತಿಂದ ನಮ್ಮ ಠಾಣೇಲಿ ಯಾವುದೂ ಕೆಡಲ್ಲ.”

“ಅಂದರೆ ಸುಳ್ಳು ಬರೀತೀರಿ.”

“ಒಬ್ಬರ ಹೊಟ್ಟೆ ಮೇಲೆ ಹೊಡೆಯದ ಸುಳ್ಳು,” ಎಂದರು. ನನಗೂ ಅದು ಸರಿಯೆಂದೇ ಕಂಡಿತು. ಶಾಲೆಯಲ್ಲಿ ನಾವೂ ಬಡಮಕ್ಕಳ ಹಾಜರಿಯನ್ನು ಹೀಗೇ ತುಂಬಿಸಿದವರಲ್ಲವೇ.

ರೈಟರಿಗೆ ಮಕ್ಕಳಿರಲಿಲ್ಲ. ತಂಗಿಯೊಬ್ಬರಿದ್ದರು, ಎರಡು ಬೀದಿ ಆಚೆ. ಆಕೆ ಗಂಡನನ್ನು ಬೇಗ ಕಳೆದುಕೊಂಡು, ಹೊಲಿಗೆ ಯಂತ್ರ ತುಳಿದು ಒಬ್ಬಳೇ ಮಗಳನ್ನು ಬೆಳೆಸಿದರು. ಆ ಮಗಳಿಗೆ ಅಕ್ಷರ ಕಲಿಸಿದ್ದು, ಶಾಲೆಗೆ ಬಿಟ್ಟದ್ದು, ಓಡುವ ಪಂದ್ಯಕ್ಕೆ ಕರೆದೊಯ್ದದ್ದು ಎಲ್ಲ ಈ ಸೋದರಮಾವನೇ. ಅಕ್ಷರ ಮಾತ್ರ ಅವಳ ಕೈಗೆ ಹತ್ತಲಿಲ್ಲ. ಕೋಳಿ ಕೆದರಿದ ಹಾಗೆ ಬರೆಯುತ್ತಿದ್ದಳು. ಕಾಲು ಮಾತ್ರ ಗಾಳಿಯಂತೆ ಓಡುತ್ತಿತ್ತು. ಇಪ್ಪತ್ತೈದನೆಯ ವಯಸ್ಸಿಗೆ ಅವಳೂ ಪೇದೆಯಾಗಿ, ಎರಡು ವರ್ಷ ಬೇರೆಡೆ ಇದ್ದು, ಕೊನೆಗೆ ಮಾವನ ಠಾಣೆಗೇ ಬಂದಳು. ಬಂದ ವಾರದಲ್ಲೇ ಠಾಣೆಯವರು ಅವಳಿಗೆ ‘ಚಿನಕುರಳಿ’ ಎಂದು ಹೆಸರಿಟ್ಟರು. ಬೇರೆ ಹೆಸರು ಅವಳಿಗೆ ಹೊಂದುತ್ತಲೂ ಇರಲಿಲ್ಲ.

“ಮಾವ, ಇವತ್ತು ನನಗೆ ಯಾವ ಸೆಟ್ಟು?”

“ಇಲ್ಲಿ ಮಾವ ಅನ್ನಬೇಡ ಅಂತ ಎಷ್ಟು ಸಲ ಹೇಳಲಿ?”

“ಆಯ್ತು, ರೈಟರ್ ಸಾರ್. ಹೊಸ ಅಳಿಯನ್ನ ಮಾತ್ರ ಕೊಡಬೇಡಿ. ಜೊತೇಲಿ ಕರ್ಕೊಂಡು ಹೋದರೆ ಒಂದು ಮಾತಿಲ್ಲ ಕತೆಯಿಲ್ಲ.”

“ದೊಡ್ಡ ಸಾಹೇಬರನ್ನ ತಗೊಂಡು ಹೋಗು.”

“ಬೇಡಪ್ಪಾ ಬೇಡ! ಮನೇಲಿ ಅಮ್ಮ ಇದ್ದಾಳಲ್ಲ, ಸಾಕು. ನಾಲ್ಕನೇದು ಕೊಡಿ. ಎರಡೇಟು ಹಾಕಿದರೆ ಬಾಯಿ ಬಿಡುತ್ತೆ, ನನ್ನ ಹಾಗೆ.”

ಹೀಗೆ ನಾಲ್ಕನೆಯ ಸೆಟ್ಟು ಅವಳದೆಂದೇ ಆಯಿತು.

ಹೊಸದಾಗಿ ಬಂದ ಇನ್‌ಸ್ಪೆಕ್ಟರು ಹುರುಪಿನ ಮನುಷ್ಯ. ಸಣ್ಣ ಠಾಣೆಗಳಿಗೆ ಸಲಕರಣೆ, ತಂತ್ರಜ್ಞಾನಕ್ಕಾಗಿ ಅನುದಾನ ಕೊಡುವ ಸಮಿತಿಯೊಂದಿದೆಯೆಂದು ಎಲ್ಲಿಂದಲೋ ತಿಳಿದು, ಇಪ್ಪತ್ತೆರಡು ಪುಟದ ಅರ್ಜಿಯನ್ನು ತರಿಸಿ ರೈಟರ ಮೇಜಿನ ಮೇಲಿಟ್ಟರು. “ರೈಟರೇ, ಹನ್ನೆರಡು ಹೊಸ ಸೆಟ್ಟು. ಗುಡ್ಡದ ಮೇಲೊಂದು ಎತ್ತರದ ಕಂಬ. ಬರೀರಿ. ನಿಮ್ಮ ಅಕ್ಷರಕ್ಕೇ ಅರ್ಧ ಮಂಜೂರಾಗುತ್ತೆ.”

ರೈಟರು ಅದನ್ನು ಮನೆಯ ಮದುವೆಯ ಹಾಗೆ ತಲೆಯ ಮೇಲೆ ಹೊತ್ತುಕೊಂಡರು. ಅವರ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. “ಹೋಗೋಕೆ ಮುಂಚೆ ಈ ಮಕ್ಕಳ ಕೈಗೆ ಮಾತಾಡೋ ಸೆಟ್ಟು ಕೊಟ್ಟು ಹೋಗಬೇಕು ಮೇಷ್ಟ್ರೇ. ಮೊನ್ನೆ ಆ ಚಿನಕುರಳಿ ಕುಡುಕರ ಜಗಳದ ಮಧ್ಯೆ ನಿಂತು ಅರ್ಧ ಗಂಟೆ ಕೂಗಿದ್ದಾಳೆ, ನಮಗೆ ಒಂದಕ್ಷರ ಕೇಳಿಸಿಲ್ಲ. ನಕ್ಕುಕೊಂಡು ಹೇಳ್ತಾಳೆ. ನನಗೆ ನಗು ಬರಲ್ಲ,” ಎಂದರು.

ಮೂರು ವಾರ ಸಂಜೆಗಳೆಲ್ಲ ನನ್ನ ಮನೆಯ ಹೊರಕೋಣೆಯಲ್ಲಿ ಕಳೆದವು. ಅವರು ಬರೆದದ್ದನ್ನು ನಾನು ಓದಿ, ಎಲ್ಲಿಯೋ ಒಂದು ಅಲ್ಪವಿರಾಮ ಹಾಕುತ್ತಿದ್ದೆ. ಚಿನಕುರಳಿ ಟೀ ಕುಡಿಯುವ ನೆಪದಲ್ಲಿ ಬಂದು ಕೂರುತ್ತಿದ್ದಳು.

“‘ಈ ಸಲಕರಣೆಯಿಂದ ಆಗುವ, ಅಳೆಯಬಹುದಾದ ಪ್ರಯೋಜನವೇನು?’ ಇದಕ್ಕೆ ಏನು ಬರೆಯೋಣ?” ಎಂದು ರೈಟರು ಕೇಳಿದರು.

“ನನ್ನ ಗಂಟಲು ಉಳಿಯುತ್ತೆ ಅಂತ ಬರೀರಿ. ಬೇಕಾದರೆ ಟೇಪು ತಂದು ಅಳೆದುಕೊಳ್ಳಲಿ.”

“‘ಕಳೆದ ಮೂರು ವರ್ಷಗಳಲ್ಲಿ ಸಲಕರಣೆಯ ಕೊರತೆಯಿಂದ ಆದ ಹಾನಿ.’ ಇದು?”

“ಹಾನಿ ಇಲ್ಲ ಅಂದರೆ ಅವರು ಕೊಡಲ್ಲ. ಇದೆ ಅಂದರೆ ಇಲಾಖೆಯೋರು ಮೆಮೋ ಕೊಡ್ತಾರೆ. ಅತ್ತ ದರಿ, ಇತ್ತ ಪುಲಿ. ಮಾವ, ನೀವು ‘ನಿಲ್’ ಅಂತ ಹಾಕಿ ಸುಮ್ಮನಿರಿ.”

ಅವರು ‘ಇಲ್ಲ’ ಎಂದು ಬರೆದರು.

ಅರ್ಜಿಗೆ ನಕ್ಷೆಯೊಂದನ್ನು ಲಗತ್ತಿಸುವ ಉಪಾಯ ಅವಳದೇ. ಒಂದು ವಾರ ಅವಳು ಸೆಟ್ಟು ಹಿಡಿದು ಊರೆಲ್ಲ ನಡೆದಳು. ನೂರು ಹೆಜ್ಜೆಗೊಮ್ಮೆ ನಿಂತು, “ಒಂದು, ಎರಡು, ಮೂರು” ಎನ್ನುವಳು. ಠಾಣೆಯಲ್ಲಿ ರೈಟರು ಕಿವಿಗೊಟ್ಟು ಕೂತು, ಕೇಳಿಸಿದರೆ ಗಡಿಯಾರ ನೋಡಿ ಗುರುತು ಹಾಕುವರು. ಸಂಜೆ ಅವಳ ಚೀಟಿಯನ್ನೂ ಇವರ ಗುರುತನ್ನೂ ಹೊಂದಿಸಿ, ಧ್ವನಿ ಸತ್ತ ಜಾಗಗಳಿಗೆ ನಕ್ಷೆಯಲ್ಲಿ ಕೆಂಪು ಚುಕ್ಕೆ ಇಡುವರು. ಅಂಥ ಹತ್ತೊಂಬತ್ತು ಚುಕ್ಕೆಗಳಾದವು. ರೈಲುಹಳಿಯ ಕೆಳಗಿನ ದಾರಿ, ಹಳೆಯ ಗಿರಣಿಯ ಹಿಂಭಾಗ, ಊರಾಚೆಯ ಪಾಳುಬಿದ್ದ ಕಲ್ಲುಗಣಿ. ನಾನು ಆ ನಕ್ಷೆಯನ್ನು ಬಹಳ ಹೊತ್ತು ನೋಡಿದೆ. ಶಾಲೆಯಲ್ಲಿದ್ದಾಗ ಅಂಥ ಕೆಲಸ ಮಾಡಿಕೊಟ್ಟ ವಿದ್ಯಾರ್ಥಿಗೆ ನೂರಕ್ಕೆ ನೂರು ಕೊಡುತ್ತಿದ್ದೆ.

ಎರಡು ತಿಂಗಳ ಮೇಲೆ ಸಮಿತಿಯಿಂದ ಪರಿಶೀಲನಾಧಿಕಾರಿಯೊಬ್ಬರು ಬಂದರು. ನಡುವಯಸ್ಸಿನ ಹೆಂಗಸು, ಮೆಲುಮಾತಿನವರು. ಅಲ್ಲಿ ನಡೆದದ್ದನ್ನು ರೈಟರು ಅಂದೇ ಸಂಜೆ ನನ್ನ ಮುಂದೆ ಒಂದು ಮಾತೂ ಬಿಡದೆ ಹೇಳಿದರು. ಆಕೆ ಮೊದಲು ನಕ್ಷೆಯನ್ನು ನೋಡಿ ಮೆಚ್ಚಿಕೊಂಡರು. ಆಮೇಲೆ ಕಪಾಟಿನಿಂದ ಸಲಕರಣೆ ರಿಜಿಸ್ಟರುಗಳನ್ನು ಇಳಿಸಿಕೊಂಡು ಪುಟ ತಿರುವಿದರು. ಒಂದೊಂದೇ ಪುಟ, ಒಂದೊಂದೇ ವರ್ಷ.

“ಇದು ಯಾರ ಬರವಣಿಗೆ?”

“ನನ್ನದು ಮೇಡಂ.”

“ತುಂಬಾ ಚೆನ್ನಾಗಿದೆ.” ರೈಟರಿಗೆ ಒಂದು ಗಳಿಗೆ ಸಂತೋಷವೇ ಆಯಿತಂತೆ. “ನಕ್ಷೇಲಿರೋದೂ ನಿಮ್ಮದೇ ಅಕ್ಷರ ಅಲ್ವಾ? ನಕ್ಷೇಲಿ ಹತ್ತೊಂಬತ್ತು ಕಡೆ ಸೆಟ್ಟು ಸತ್ತಿದೆ. ಇಲ್ಲಿ ಹನ್ನೊಂದು ವರ್ಷದಲ್ಲಿ ಒಂದು ದಿನ, ಒಂದು ಸೆಟ್ಟೂ ಕೆಟ್ಟಿಲ್ಲ. ನಾನು ಯಾವುದನ್ನ ನಂಬಲಿ? ನೀವೇ ಹೇಳಿ, ಹಾಗೇ ಬರ್ಕೊಳ್ತೀನಿ.”

ಇನ್‌ಸ್ಪೆಕ್ಟರು ಎದುರಿಗಿದ್ದರು. ಬಾಗಿಲಲ್ಲಿ ಪೇದೆಗಳು ನಿಂತಿದ್ದರು. ಆಕೆ ಸಾಕಷ್ಟು ಹೊತ್ತು ಕಾದರಂತೆ. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಎದ್ದರಂತೆ.

ಹದಿನೈದು ದಿನದಲ್ಲಿ ಪತ್ರ ಬಂತು. ದಾಖಲೆಗಳ ಪ್ರಕಾರ ಈಗಿರುವ ಸಲಕರಣೆಗಳು ಸುಸ್ಥಿತಿಯಲ್ಲಿರುವುದರಿಂದ ಮನವಿಯನ್ನು ಪುರಸ್ಕರಿಸಲಾಗಿಲ್ಲ. ಹೇಳುವುದೇನಾದರೂ ಇದ್ದರೆ ಮೂವತ್ತು ದಿನದೊಳಗೆ ಲಿಖಿತವಾಗಿ ತಿಳಿಸಬಹುದು.

ರೈಟರು ಪತ್ರ ಹಿಡಿದುಕೊಂಡು ನನ್ನಲ್ಲಿಗೆ ಬಂದರು. “ರಿಜಿಸ್ಟರಲ್ಲಿ ಬರೆದದ್ದು ಸುಳ್ಳು ಅಂತ ನಾನು ಬರೆದುಕೊಟ್ಟರೆ ಮುಗೀತು. ಸೆಟ್ಟು ಬರುತ್ತೆ. ಆಮೇಲೆ ನನ್ನ ಮೇಲೆ ವಿಚಾರಣೆ. ಏನು ಮಾಡಲಿ ಮೇಷ್ಟ್ರೇ?”

ಇಲ್ಲಿ ನಾನು ನನ್ನ ಪಾಲಿನದನ್ನು ಹೇಳಲೇಬೇಕು. ನಾನು ಬೇಡವೆಂದೆ. “ಇನ್ನು ಎಂಟು ತಿಂಗಳಿಗೆ ನಿವೃತ್ತಿ. ಈಗ ಯಾಕೆ ತಲೆ ಕೊಡ್ತೀರಿ? ನಾಳೆಯಿಂದ ಇದ್ದದ್ದನ್ನ ಇದ್ದ ಹಾಗೆ ಬರೀತಾ ಹೋಗಿ. ಮುಂದಿನ ವರ್ಷದ ಅರ್ಜಿಗೆ ಅದೇ ದಾಖಲೆ ಆಗುತ್ತೆ,” ಎಂದೆ. ವಯಸ್ಸಾದವರ ಜಾಣತನದ ಮಾತು. ಅವರು ತಲೆಯಾಡಿಸಿ ಹೋದರು.

ಮರುದಿನ ಬೆಳಿಗ್ಗೆ ಅವರು ರಿಜಿಸ್ಟರು ತೆರೆದು ತಾರೀಕು ಬರೆದು, ‘ನಾಲ್ಕನೆಯ ಸೆಟ್ಟು ಕೆಟ್ಟಿದೆ’ ಎಂದು ಬರೆಯಹೊರಟರು. ಆಗ ಹೊಳೆಯಿತು: ನಾಲ್ಕನೆಯದು ಕೊನೆಯ ಸಲ ಯಾರ ಸೊಂಟದಲ್ಲಿತ್ತು? ತಂಗಿಯ ಮಗಳ ಸೊಂಟದಲ್ಲಿ. ಮೆಮೋ ಬಂದರೆ ಜವಾಬು ಕೊಡಬೇಕಾದವಳು ಅವಳು. ದಫೇದಾರಳಾಗುವ ಪರೀಕ್ಷೆಗೆ ಅವಳು ಓದುತ್ತಿದ್ದಳು. ಒಂದು ಮೆಮೋ ಸಾಕು, ಹೆಸರು ಪಟ್ಟಿಯಿಂದ ಹೋಗುತ್ತಿತ್ತು. ಬೇರೆ ಸೆಟ್ಟಿನ ಹೆಸರು ಬರೆಯೋಣವೆಂದರೆ ಅದೂ ಇನ್ನೊಬ್ಬರ ಮನೆಯ ಮಗುವಿನ ಸೊಂಟದ್ದೇ. ಅವರು ಆ ದಿನವೂ ‘ಆರು ಸೆಟ್ಟುಗಳೂ ಸುಸ್ಥಿತಿಯಲ್ಲಿವೆ’ ಎಂದೇ ಬರೆದರು. ಮೂವತ್ತು ದಿನ ಕಳೆಯಿತು.

ಆ ಮೇಲಿನ ವಾರ ಮೂರು ದಿನ ಬಿಡದೆ ಮಳೆ ಹೊಡೆದು ನಾಲ್ಕನೆಯ ದಿನ ಬಿಸಿಲು ಬಂತು. ಮಧ್ಯಾಹ್ನ ಒಬ್ಬ ಹೆಂಗಸು ಠಾಣೆಗೆ ಓಡಿಬಂದಳು. ನೆನಪು ಪೂರ್ತಿ ಮಾಸಿದ ಅವಳ ಮಾವ ಮನೆಯಿಂದ ಹೊರಬಿದ್ದಿದ್ದಾರೆ, ಕಲ್ಲುಗಣಿಯ ಕಡೆ ಹೋದದ್ದನ್ನು ಯಾರೋ ಕಂಡಿದ್ದಾರೆ. ಉಳಿದವರೆಲ್ಲ ಬೇರೆ ಕೆಲಸದ ಮೇಲೆ ಹೋಗಿದ್ದರು. ಚಿನಕುರಳಿ ಕಪಾಟಿನಿಂದ ನಾಲ್ಕನೆಯದನ್ನು ತೆಗೆದು, ಅಂಗಳದಲ್ಲಿ ನಿಂತು, “ಒಂದು, ಎರಡು, ಮೂರು, ಕೇಳಿಸ್ತಾ ರೈಟರ್ ಸಾರ್?” ಎಂದಳು. ಚೆನ್ನಾಗಿಯೇ ಕೇಳಿಸಿತು. “ಮುದುಕರನ್ನ ಕರ್ಕೊಂಡು ಬರ್ತೀನಿ. ಅಮ್ಮ ಬಂದರೆ ಊಟ ಆಯ್ತು ಅಂತ ಹೇಳಿ, ಇಲ್ಲದಿದ್ದರೆ ಬೈತಾಳೆ,” ಎಂದು ಹೊರಟಳು.

ಗಣಿಯಲ್ಲಿ ನಡೆದದ್ದು ಆಮೇಲೆ ಗುರುತುಗಳಿಂದ ತಿಳಿದದ್ದು. ಮುದುಕರು ಗಣಿಯ ಒಳಗೆ ಅರ್ಧ ಇಳಿದು, ಕಲ್ಲುಹಾಸಿನ ಮೇಲೆ ಕುಳಿತಿದ್ದರು. ಕೆಳಗೆ ನೀರು. ಅವಳು ಇಳಿದು ಅವರನ್ನು ಮೇಲಿನ ಕಲ್ಲುಹಾಸಿನ ಮೇಲಕ್ಕೆ ಏರಿಸಿದಳು. ತಾನು ಏರುವಾಗ ನೆನೆದ ದಂಡೆ ಕುಸಿಯಿತು. ಒಂದು ಬಂಡೆ ಅವಳ ತೊಡೆಯ ಮೇಲೆ ಬಿತ್ತು. ಸೆಟ್ಟು ಕೈಯಲ್ಲೇ ಇತ್ತು. ಮುದುಕರು ಅವಳ ಪಕ್ಕದಲ್ಲಿಯೇ ಇದ್ದರು, ಕೈಗೆಟುಕುವಷ್ಟು ಹತ್ತಿರ. ಓಡಿಹೋಗಿ ಯಾರನ್ನಾದರೂ ಕರೆಯಬೇಕೆಂಬ ಯೋಚನೆ ಅವರ ತಲೆಯಲ್ಲಿ ನಿಲ್ಲುವ ಕಾಲ ಮುಗಿದುಹೋಗಿತ್ತು.

ಸಂಜೆ ಆರಾದರೂ ಬರಲಿಲ್ಲವೆಂದು ರೈಟರೇ ಜನ ಕಟ್ಟಿಕೊಂಡು ಹೋದರು. ಹೋಗುವಷ್ಟರಲ್ಲಿ ರಕ್ತವೆಲ್ಲ ಹರಿದುಹೋಗಿತ್ತು. ಮುದುಕರು ತಮ್ಮ ಮೇಲುಹೊದಿಕೆಯನ್ನು ಅವಳಿಗೆ ಹೊದಿಸಿ ಕುಳಿತಿದ್ದರು. “ಈ ಹುಡುಗಿ ಡಬ್ಬಿ ಜೊತೆ ಮಾತಾಡ್ತಾನೇ ಇದ್ದಳು. ಮಾವ ಮಾವ ಅಂತಿದ್ದಳು. ಈಗ ನಿದ್ದೆ ಮಾಡಿದ್ದಾಳೆ, ಎಬ್ಬಿಸಬೇಡಿ,” ಎಂದರು.

ಅವಳಿಗೆ ಆಗ ಇಪ್ಪತ್ತೊಂಬತ್ತು.

ದುಃಖಕ್ಕೆ ಇಷ್ಟು ಸಾಲದೆಂಬಂತೆ, ಮೇಲಿನಿಂದ ವಿಚಾರಣೆಗೆಂದು ಅಧಿಕಾರಿಯೊಬ್ಬರು ಬಂದರು. ಕೆಟ್ಟವರಲ್ಲ, ಕಾಗದ ನೋಡಿ ತೀರ್ಮಾನ ಮಾಡುವವರು. ಕಾಗದ ಹೇಳಿದ್ದಿಷ್ಟು: ಆ ದಿನ ಬೆಳಿಗ್ಗೆ ಆರು ಸೆಟ್ಟುಗಳೂ ಸುಸ್ಥಿತಿಯಲ್ಲಿದ್ದವು. ಮಧ್ಯಾಹ್ನ ಠಾಣೆಗೆ ಯಾವ ಕರೆಯೂ ಬರಲಿಲ್ಲ. ಆದ್ದರಿಂದ ಅವಳು ಕರೆದೇ ಇಲ್ಲ. ಠಾಣೆಗೆ ತಿಳಿಸದೆ, ನೆರವು ಕೇಳದೆ, ಅಪಾಯದ ಜಾಗಕ್ಕೆ ಒಂಟಿಯಾಗಿ ಇಳಿದದ್ದು ಅವಳ ಅಜಾಗರೂಕತೆ. ಮುದುಕರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ತಾನು ಮಧ್ಯಾಹ್ನ ಊಟ ಮಾಡಿದ್ದೇನೆಯೋ ಇಲ್ಲವೋ ಎಂದು ತಿಳಿಯದವರ ಸಾಕ್ಷಿಗೆ ಬೆಲೆಯೇನು?

ಪತ್ರಿಕೆಯಲ್ಲಿ ಎರಡು ಸಾಲು ಬಂತು: ‘ಪೇದೆಯ ನಿರ್ಲಕ್ಷ್ಯವೇ ಕಾರಣ.’ ಬೀದಿಯ ಮೂಲೆಯ ಅಂಗಡಿಯವನು ನನ್ನ ಮುಂದೆಯೇ, “ಒಂದು ಮಾತು ಹೇಳಿ ಇಳಿಯಬಾರದಿತ್ತಾ? ತುಂಬಾ ಅವಸರದ ಹುಡುಗಿ,” ಎಂದ. ಅವಳ ತಾಯಿ ಹೊಲಿಗೆಗೆ ಬಂದವರ ಮುಖ ನೋಡುವುದನ್ನು ಬಿಟ್ಟರು.

ಅಂದು ರೈಟರು ನನ್ನ ಮನೆಗೆ ಬಂದಾಗ ಕೈಯಲ್ಲಿ ನಾಲ್ಕು ಹಾಳೆಗಳಿದ್ದವು. “ಓದಿ ಮೇಷ್ಟ್ರೇ. ತಪ್ಪಿದ್ದರೆ ಹೇಳಿ,” ಎಂದು ಕೊಟ್ಟರು. ಮೊದಲ ವಾಕ್ಯ ಹೀಗಿತ್ತು: ‘ನಾನು ಹನ್ನೊಂದು ವರ್ಷ ಪ್ರತಿದಿನ ಬೆಳಿಗ್ಗೆ ಸುಳ್ಳು ಬರೆದಿದ್ದೇನೆ.’

ಅಕ್ಷರ ಎಂದಿನಂತೆಯೇ ಇತ್ತು. ನಾನು ಎರಡು ಸಲ ಓದಿ, “ಇಲ್ಲಿ ‘ಪೂರ್ವಪದ್ಧತಿಯನ್ನು ಅನುಸರಿಸಿ’ ಅಂತ ಒಂದು ಮಾತು ಸೇರಿಸಿ. ಅದು ನಿಜವೂ ಹೌದು. ನಿಮಗೂ ಸ್ವಲ್ಪ ರಕ್ಷಣೆ,” ಎಂದೆ.

“ಪದ್ಧತಿ ಅಂದರೆ ಸತ್ತುಹೋದ ಹಳೇ ರೈಟರ ಮೇಲೆ ಹಾಕಿದ ಹಾಗಾಗುತ್ತೆ. ಅವರು ದಾರಿ ತೋರಿಸಿದ್ದು ನಿಜ. ನಡೆದ ಕಾಲು ನನ್ನದು.”

“ಹೆಂಡತಿಗೆ ಹೇಳಿದಿರಾ?”

“ಹೇಳಿದೆ. ‘ಇಷ್ಟು ದಿನ ಯಾಕೆ ಕಾದಿರಿ’ ಅಂದಳು.”

ನಾನು ಹಾಳೆಗಳನ್ನು ಹಿಂದಕ್ಕೆ ಕೊಟ್ಟೆ. ತಿದ್ದಲು ಏನೂ ಇರಲಿಲ್ಲ.

ವಿಚಾರಣೆ ಮತ್ತೆ ತೆರೆಯಿತು. ನಾಲ್ಕನೆಯ ಸೆಟ್ಟನ್ನು ಗಣಿಯೊಳಗೆ ಒಯ್ದು ಪರೀಕ್ಷೆ ಮಾಡಿದರು. ಮೇಲೆ ನಿಂತವರಿಗೂ ಅದರ ಮಾತು ಬರಲಿಲ್ಲ. “ಹೀಗೆ ಬರೆಯಲು ನಿನಗೆ ಹೇಳಿದವರು ಯಾರು?” ಎಂದು ಅಧಿಕಾರಿ ಮೂರು ಸಲ ಕೇಳಿದರಂತೆ. ಮೂರು ಸಲವೂ ರೈಟರು, “ಯಾರೂ ಹೇಳಲಿಲ್ಲ ಸಾರ್,” ಎಂದರಂತೆ. ಹೊಸ ಆದೇಶ ಬಂತು. ಅವಳು ಕರ್ತವ್ಯದಲ್ಲಿರುವಾಗ, ಒಬ್ಬ ವೃದ್ಧರ ಜೀವ ಉಳಿಸಿ, ಸಲಕರಣೆಯ ದೋಷದಿಂದ ನೆರವು ದೊರೆಯದೆ ಮೃತಳಾದಳು ಎಂದು ಅದರಲ್ಲಿ ಬರೆದಿತ್ತು. ರೈಟರನ್ನು ಕುರ್ಚಿಯಿಂದ ಎಬ್ಬಿಸಿ, ಕೆಳಗಿನ ದರ್ಜೆಗೆ ಇಳಿಸಿ, ಉಳಿದ ತಿಂಗಳುಗಳಿಗೆ ಗೇಟಿನ ಪಹರೆಗೆ ಹಾಕಿದರು.

ಇನ್‌ಸ್ಪೆಕ್ಟರು ಆ ಹೇಳಿಕೆಯ ನಕಲನ್ನೇ ಲಗತ್ತಿಸಿ ಸಮಿತಿಗೆ ಇನ್ನೊಮ್ಮೆ ಅರ್ಜಿ ಹಾಕಿದರು. ಈ ಸಲ ಯಾರೂ ಪ್ರಶ್ನೆ ಕೇಳಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ ಹನ್ನೆರಡು ಸೆಟ್ಟುಗಳೂ ಎತ್ತರದ ಕಂಬವೂ ಬಂದವು. ವ್ಯಾನು ಬಂದ ದಿನ ಗೇಟು ತೆರೆದವರು ರೈಟರೇ. ಒಬ್ಬ ಪೇದೆ ಪೆಟ್ಟಿಗೆ ಬಿಚ್ಚಿ, ಹೊಸ ಸೆಟ್ಟೊಂದನ್ನು ತಂದು ಅವರ ಕೈಯಲ್ಲಿಟ್ಟ. “ನೋಡಿ ರೈಟರೇ, ನಿಮ್ಮಿಂದ ಬಂದದ್ದು.” ಅವನು ಒಳ್ಳೆಯ ಮಾತೆಂದೇ ಆಡಿದ್ದು. ಅವರು ಅದನ್ನು ತಿರುಗಿಸಿ ನೋಡಿ, “ಹಗುರವಾಗಿದೆ,” ಎಂದು ಹಿಂದಕ್ಕೆ ಕೊಟ್ಟರಂತೆ.

ನಿವೃತ್ತಿಯ ದಿನ ಅವರಿಗೆ ಬೀಳ್ಕೊಡುಗೆ ಇರಲಿಲ್ಲ. ಸಂಜೆ ಐದಕ್ಕೆ ಟೋಪಿಯನ್ನು ಮೇಜಿನ ಮೇಲಿಟ್ಟು ಮನೆಗೆ ನಡೆದುಬಂದರು.

ಆ ಮೇಲೆ ಉಳಿದಿದ್ದು ಒಂದೇ. ತಂಗಿಗೆ ಪೂರ್ತಿ ಗೊತ್ತಿರಲಿಲ್ಲ. ಅಣ್ಣ ಮುಂದೆ ನಿಂತು, ದರ್ಜೆ ಕಳೆದುಕೊಂಡು ಮಗಳ ಹೆಸರು ಉಳಿಸಿದನೆಂದು ಮಾತ್ರ ಜನ ಆಕೆಗೆ ಹೇಳಿದ್ದರು. ಕಂಡಾಗಲೆಲ್ಲ ಆಕೆ ಅವರ ಕೈ ಹಿಡಿದುಕೊಂಡು, “ನೀನಿಲ್ಲದಿದ್ದರೆ ನನ್ನ ಮಗಳು ಕೆಟ್ಟ ಹೆಸರು ಹೊತ್ತು ಹೋಗಿರೋಳು ಅಣ್ಣಾ,” ಎನ್ನುತ್ತಿದ್ದರು. ಅದು ಅವರಿಗೆ ಬೈಗುಳಕ್ಕಿಂತ ಹೆಚ್ಚಾಯಿತು.

“ಹೇಳಿಬಿಡಬೇಕು. ನೀವೂ ಬನ್ನಿ ಮೇಷ್ಟ್ರೇ. ಒಬ್ಬನೇ ಹೋದರೆ ಹೇಳದೆ ವಾಪಸ್ ಬಂದುಬಿಡ್ತೀನಿ,” ಎಂದರು.

ಹೋದೆವು. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಶಾಲಾ ಮಕ್ಕಳ ಸಮವಸ್ತ್ರದ ರಾಶಿ. ಆಕೆ ನಮ್ಮಿಬ್ಬರಿಗೂ ಊಟ ಬಡಿಸಿದರು. ರೈಟರು ಎರಡು ತುತ್ತು ತಿಂದು, ತಟ್ಟೆಯನ್ನೇ ನೋಡುತ್ತಾ ಎಲ್ಲವನ್ನೂ ಹೇಳಿದರು. ರಿಜಿಸ್ಟರು, ಪರಿಶೀಲನಾಧಿಕಾರಿ, ಮೂವತ್ತು ದಿನ, ಆ ಬೆಳಿಗ್ಗೆ ಬರೆದ ಸಾಲು.

ಆಕೆ ಬಡಿಸುವ ಸೌಟನ್ನು ಪಾತ್ರೆಯಲ್ಲಿಟ್ಟರು.

“ಅವಳ ಸೆಟ್ಟು ಕೆಟ್ಟಿದೆ ಅಂತ ನಿನಗೆ ಗೊತ್ತಿತ್ತಾ ಅಣ್ಣಾ?”

“ಗೊತ್ತಿತ್ತು.”

“ಅವಳಿಗೆ?”

“ಗೊತ್ತಿತ್ತು. ಎರಡೇಟು ಹೊಡೆದು ತಗೊಂಡು ಹೋಗೋಳು.”

“ಇದ್ದದ್ದನ್ನ ಬರೆದರೆ ಅವಳ ಮೇಲೆ ಮೆಮೋ ಬರುತ್ತೆ ಅಂತ ಬರೀಲಿಲ್ಲ.”

“ಹೂಂ.”

ಆಕೆ ಅಣ್ಣನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು. ಆಮೇಲೆ, “ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡ್ತಿದ್ದೆ,” ಎಂದರು. “ಊಟ ಮುಗಿಸು. ತಣ್ಣಗಾಗುತ್ತೆ.”